ನಾಲೆ ಏರಿ ಹಿಡಿದು ಹೊರಟರೆ: ಮೈಸೂರು ಸುತ್ತ ನಾಲ್ಕು ದಿನ, ಎರಡು ಸೈಕಲ್

ಗುರುವಾರ

ನನ್ನ ಸೈಕಲ್ ಮೈಸೂರಲ್ಲಿ ಅಕ್ಕನ ಮನೆಯ ಮೆಟ್ಟಿಲ ಕೆಳಗೆ ಬಿದ್ದು ಒಂದೂವರೆ ವರ್ಷವಾಗಿತ್ತು. ಬೆಂಗಳೂರಲ್ಲಿ ಅದನ್ನು ಇಟ್ಟುಕೊಂಡು ಏನು ಮಾಡಲಿ, ರಸ್ತೆಗಿಳಿದರೆ ಹಾರ್ನ್ ಕೇಳಿಯೇ ಅರ್ಧ ಆಯಸ್ಸು ಹೋಗುತ್ತದೆ ಅಂತ ಇಲ್ಲಿ ತಂದು ಬಿಟ್ಟಿದ್ದೆ. ಸಂಕ್ರಾಂತಿ ಕಳೆದ ಮೇಲೆ ನಾಲ್ಕು ದಿನ ರಜೆ ಸಿಕ್ಕಿತು. ಬೆಳಗಿನ ರೈಲು ಹತ್ತಿ ಹನ್ನೊಂದಕ್ಕೆಲ್ಲ ಅಕ್ಕನ ಮನೆ ಸೇರಿದೆ.

ಸೈಕಲ್ ಮೇಲೆ ಒಂದು ಗೋಣಿಚೀಲ, ಗೋಣಿಚೀಲದ ಮೇಲೆ ಎರಡು ಹೂಕುಂಡ. ಚೈನು ತುಕ್ಕು ಹಿಡಿದು ಕೆಂಪಗಾಗಿತ್ತು. ಸೀಮೆಎಣ್ಣೆ ಸಿಗಲಿಲ್ಲ, ಡೀಸೆಲ್ ತಂದು ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ ತಿಕ್ಕಿ ಒಂದು ಗಂಟೆ ಕಳೆಯಿತು. ಅಕ್ಕನ ಮಗ, ಅಂದರೆ ನನ್ನ ಅಳಿಯ, ಪಕ್ಕದಲ್ಲಿ ನಿಂತು ನೋಡುತ್ತಿದ್ದ. ಅವನದು ಹೊಸದು, ಇಪ್ಪತ್ತೊಂದು ಗೇರು, ಡಿಸ್ಕ್ ಬ್ರೇಕು. ಎಷ್ಟು ಕಿಲೋಮೀಟರ್, ಎಷ್ಟು ಏರು, ಎಷ್ಟು ಕ್ಯಾಲೊರಿ ಅಂತ ಎಲ್ಲ ಫೋನಿನಲ್ಲಿ ಬರೆದಿಡುವ ಆಸಾಮಿ. ನಾನೂ ಬರ್ತೀನಿ ಮಾಮ ಅಂದ. ಸರಿ, ಪಂಕ್ಚರ್ ಆದರೆ ತಳ್ಳೋಕೆ ಒಬ್ಬ ಬೇಕು ಅಂದೆ. ಇದು ಆಮೇಲೆ ನನಗೇ ತಿರುಗಿಕೊಂಡಿತು, ಹೇಳುತ್ತೇನೆ.

ಸಂಜೆ ಸುಮ್ನೆ ಕಾಲು ಆಡಿಸೋಣ ಅಂತ ಲಿಂಗಾಂಬುಧಿ ಕೆರೆವರೆಗೆ ಹೋದೆವು. ಮುಮ್ಮಡಿ ಕೃಷ್ಣರಾಜ ಒಡೆಯರು ರಾಣಿ ಲಿಂಗಾಜಮ್ಮಣ್ಣಿಯವರ ನೆನಪಿಗೆ 1828ರಲ್ಲಿ ಕಟ್ಟಿಸಿದ ಕೆರೆ. ನಾನು ಕಾಲೇಜಿಗೆ ಹೋಗುವಾಗ ಇದು ಊರಾಚೆ ಇತ್ತು, ಈಗ ಸುತ್ತ ಬಡಾವಣೆಗಳೇ. ಸೈಕಲ್ ಗೇಟಿನ ಹೊರಗೆ ಬೀಗ ಹಾಕಿಟ್ಟು ಏರಿ ಮೇಲೆ ನಡೆದೆವು. ಕುಕ್ಕರಹಳ್ಳಿ ಕೆರೆಯಲ್ಲೂ ಅಷ್ಟೇ, ಅಲ್ಲಿ ನಡೆಯುವವರದೇ ರಾಜ್ಯ. ಅದು ಸರಿಯೇ ಅನ್ನಿ. ಬೆಳಗಿನ ಹೊತ್ತು ಮಂಕಿ ಟೋಪಿ ಹಾಕಿಕೊಂಡು ಪೆನ್ಷನ್ ಲೆಕ್ಕ ಮಾತಾಡುತ್ತ ಹೋಗುವ ಹಿರಿಯರ ಮಧ್ಯೆ ಸೈಕಲ್ ನುಗ್ಗಿಸಿದರೆ ಚೆನ್ನಾಗಿರಲ್ಲ.

ಮೈಸೂರಿಗೆ ಸೈಕಲ್ ಹೊಸದೇನಲ್ಲ. 2017ರಲ್ಲಿ ಟ್ರಿಣ್ ಟ್ರಿಣ್ ಅಂತ 450 ಬಾಡಿಗೆ ಸೈಕಲ್ ತಂದು ಊರ ತುಂಬ ನಿಲ್ಲಿಸಿದ್ದರು. ಹಸಿರು ಬುಟ್ಟಿಯ ಆ ಸೈಕಲ್ ತುಳಿದುಕೊಂಡು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಒಳಗೆ ಸುತ್ತಿದ್ದು ನನಗೂ ನೆನಪಿದೆ. ಆದರೆ ಊರು ಬಿಟ್ಟು ಹೊರಗೆ ಎಲ್ಲಿ ತುಳಿಯಬೇಕು ಅನ್ನುವುದನ್ನು ಮಾತ್ರ ಯಾರೂ ಸರಿಯಾಗಿ ಹೇಳಲ್ಲ. ಕೇಳಿದವರೆಲ್ಲ ಹೆದ್ದಾರಿ ತೋರಿಸುತ್ತಾರೆ. ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ದಾರಿಗೆ 2023ರ ಆಗಸ್ಟ್‌ನಿಂದ ಬೈಕನ್ನೇ ಬಿಡಲ್ಲ, ಇನ್ನು ಸೈಕಲ್ ಎಲ್ಲಿಂದ. ಸರ್ವಿಸ್ ರಸ್ತೆಯಲ್ಲಿ ಹೋಗಬಹುದು, ಆದರೆ ಅಲ್ಲಿ ಎದುರಿಗೆ ಬರುವ ಟ್ರ್ಯಾಕ್ಟರ್ ಯಾವ ಕಡೆಗೆ ಸರಿಯುತ್ತದೆ ಅಂತ ಅದರ ಡ್ರೈವರಿಗೂ ಗೊತ್ತಿರಲ್ಲ.

ನನ್ನ ಲೆಕ್ಕ ಬೇರೆ. ಇಲ್ಲಿ ಸೈಕಲ್‌ಗೆ ಅತ್ಯಂತ ಒಳ್ಳೆ ದಾರಿ ಮಾಡಿಟ್ಟು ಹೋದವರು ನಾಲೆ ತೋಡಿದವರು. ನಾಲೆ ನೀರು ಕಿಲೋಮೀಟರಿಗೆ ಒಂದು ಗೇಣೋ ಒಂದು ಮೊಳವೋ ಇಳಿಯುತ್ತ ಹೋಗುತ್ತದೆ, ಅಷ್ಟೆ. ನೀರು ಏರು ಹತ್ತಲ್ಲ. ಹಾಗಾಗಿ ಅದರ ಪಕ್ಕ ಹೋಗುವ ನೀವೂ ಹತ್ತಬೇಕಿಲ್ಲ. ಈ ಮಾತು ಹೇಳಿದರೆ ಅಳಿಯ ನಕ್ಕ. ಅವನಿಗೆ ಏರು ಬೇಕಂತೆ, ಏರಿಲ್ಲದಿದ್ದರೆ ಆ್ಯಪಿನಲ್ಲಿ ಏನೂ ಬೀಳಲ್ಲವಂತೆ. ಹಾಗಾದರೆ ನಾಳೆ ಬೆಟ್ಟ ಅಂದೆ.

ಶುಕ್ರವಾರ

ಐದೂಮುಕ್ಕಾಲಿಗೆ ಹೊರಟೆವು. ಶುಕ್ರವಾರ ಬೆಟ್ಟಕ್ಕೆ ಜನ ಜಾಸ್ತಿ ಅಂತ ನೆನಪಾಗಿದ್ದು ಲಲಿತಮಹಲ್ ದಾಟಿದ ಮೇಲೆ. ಆಗಲೇ ಕಾರುಗಳು ಸಾಲುಗಟ್ಟಿದ್ದವು.

ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರ, ಚಾಮುಂಡಿ ಬೆಟ್ಟದ ತಲೆ 1,050ರ ಹತ್ತಿರ. ಮುನ್ನೂರು ಮೀಟರ್ ಏರು. ಕೇಳಲಿಕ್ಕೆ ಏನೂ ಅಲ್ಲ ಅನ್ನಿಸುತ್ತದೆ. ಮೊದಲ ತಿರುವಿನಲ್ಲಿ ಮಾತು ನಿಂತಿತು. ಎರಡನೆಯದರಲ್ಲಿ ಅಳಿಯ ಕಣ್ಮರೆಯಾದ. ಮೂರನೆಯದರಲ್ಲಿ ನಾನು ಇಳಿದು ತಳ್ಳತೊಡಗಿದೆ. ನಾಚಿಕೆ ಏನಿಲ್ಲ, ತಳ್ಳಿಕೊಂಡು ಹೋದರೆ ಕಾಡು ಕಾಣುತ್ತದೆ.

ಚಾಮುಂಡಿ ಬೆಟ್ಟ ಮೀಸಲು ಅರಣ್ಯ. ಕಾಡು ಅಂದರೆ ಮಲೆನಾಡಿನ ಕಾಡು ಕಣ್ಣಿಗೆ ಕಟ್ಟಿಕೊಂಡು ಬರಬೇಡಿ. ಇದು ಕುರುಚಲು. ಲಂಟಾನ, ಜಾಲಿ, ನಡುನಡುವೆ ನೀಲಗಿರಿ. ಜನವರಿ ಕೊನೆಗೆ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿರುತ್ತದೆ, ಯಾರೋ ಬಿಸಾಕಿದ ಒಂದು ಬೀಡಿ ತುಂಡು ಸಾಕು. ಆದರೂ ಊರಿಗೆ ಅಂಟಿಕೊಂಡೇ ಇಷ್ಟು ಕಾಡು ಉಳಿದಿರುವುದು ಎಷ್ಟು ಊರಿಗುಂಟು ಹೇಳಿ. ನವಿಲು ರಸ್ತೆ ದಾಟಿತು. ಚಿರತೆಯೂ ಇದೆ. ಕತ್ತಲಲ್ಲಿ ಒಬ್ಬನೇ ಸೈಕಲ್ ತಳ್ಳುವಾಗ ಅದು ನೆನಪಾಗಬಾರದು, ಆಗಿಯೇ ಆಗುತ್ತದೆ. ಪೊದೆಯಲ್ಲಿ ಏನೋ ಸರಿದಾಡಿತು. ಬೆಲ್ ಹೊಡೆದೆ. ನಾಯಿ.

ಮೇಲೆ ಹೋಗಿ ಗುಡಿಯ ಸಾಲಿನಲ್ಲಿ ನಿಲ್ಲುವ ಧೈರ್ಯ ಆಗಲಿಲ್ಲ. ಹೊರಗಿನಿಂದಲೇ ತಾಯಿಗೆ ಕೈ ಮುಗಿದು, ಮಹಿಷಾಸುರನ ಹತ್ತಿರ ಅಳಿಯನ ಒತ್ತಾಯಕ್ಕೆ ಒಂದು ಫೋಟೊ. ಬಾಳೆಹಣ್ಣು ಬಿಚ್ಚಿದ್ದೇ ತಡ, ಕೋತಿ ಬಂತು. ಹಣ್ಣು ಕೊಟ್ಟೆ ಅನ್ನುವುದಕ್ಕಿಂತ ಅದು ತೆಗೆದುಕೊಂಡಿತು ಅನ್ನುವುದು ಸರಿ.

ನಂದಿಯ ಹತ್ತಿರ ಹೋಗಬೇಕೆಂದಿತ್ತು. ನಂದಿಗೆ ಹೋಗುವ ರಸ್ತೆ 2021ರ ಅಕ್ಟೋಬರ್ ಮಳೆಗೆ ಕುಸಿದಿತ್ತು, ಆ ಸುದ್ದಿ ಬಂದಾಗ ಅಕ್ಕ ದಿನಾ ಫೋನು ಮಾಡಿ ಬೆಟ್ಟವೇ ಜಾರಿ ಹೋಗುತ್ತದೇನೋ ಅನ್ನುವ ಹಾಗೆ ಹೇಳುತ್ತಿದ್ದಳು. ಸೈಕಲ್ ಒಂದು ಕಡೆ ನಿಲ್ಲಿಸಿ ಮೆಟ್ಟಿಲಲ್ಲೇ ಇಳಿದು ನಂದಿ ನೋಡಿದೆವು. ದೊಡ್ಡದೇವರಾಜ ಒಡೆಯರ ಕಾಲದ್ದು, ಒಂದೇ ಕಲ್ಲು. ಕೆಳಗಿನಿಂದ ಒಬ್ಬ ಹೆಂಗಸು ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಹತ್ತಿ ಬರುತ್ತಿದ್ದರು. ಸಾವಿರ ಮೆಟ್ಟಿಲು. ಬಲಗೈ ಬೆರಳು ಮೂರೂ ಕೆಂಪು, ಸೆರಗಿನ ತುದಿ ಹಳದಿ. ಬಗ್ಗುವುದು, ಹಚ್ಚುವುದು, ಏಳುವುದು, ಮುಂದಿನ ಮೆಟ್ಟಿಲು. ಅಳಿಯ ನಿಂತು ನೋಡಿದ. ಅವನ ಆ್ಯಪಿನಲ್ಲಿ ಇದಕ್ಕೆ ಕಾಲಂ ಇರಲಿಲ್ಲ.

ಇಳಿಯುವುದು ಹತ್ತು ನಿಮಿಷ. ನನ್ನದು ಹಳೇ ರಬ್ಬರ್ ಬ್ರೇಕ್, ಕೆಳಗೆ ಬರುವಷ್ಟರಲ್ಲಿ ರಿಮ್ ಮುಟ್ಟಿದರೆ ಸುಡುತ್ತಿತ್ತು. ಬೆಟ್ಟದಲ್ಲಿ ಬ್ರೇಕನ್ನು ಒಂದೇ ಸಮ ಹಿಡಿದುಕೊಂಡು ಇಳಿಯಬೇಡಿ, ಬಿಟ್ಟು ಬಿಟ್ಟು ಹಿಡಿಯಿರಿ. ಗೊತ್ತಿದ್ದೂ ನಾನು ಹೆದರಿ ಹಿಡಿದೇ ಇದ್ದೆ. ಕೆಳಗೆ ಉತ್ತನಹಳ್ಳಿಗೆ ಹೋಗಿ ಜ್ವಾಲಾಮುಖಿ ತ್ರಿಪುರಸುಂದರಿಯನ್ನು ನೋಡಿದೆವು. ಚಾಮುಂಡಿಯ ತಂಗಿ ಅಂತ ಜನ ನಂಬುವ ದೇವತೆ. ಅಲ್ಲಿ ಜನ ಕಡಿಮೆ, ನೆರಳು ಜಾಸ್ತಿ. ಮನೆಗೆ ಬಂದು ಮಲಗಿದವನು ನಾಲ್ಕು ಗಂಟೆಗೆ ಎದ್ದೆ. ತೊಡೆ ನನ್ನದಲ್ಲ ಅನ್ನಿಸುತ್ತಿತ್ತು.

ಶನಿವಾರ

ಈ ದಿನಕ್ಕಾಗಿಯೇ ನಾನು ಬಂದಿದ್ದು.

ಕೆಆರ್‌ಎಸ್ ರಸ್ತೆ ಹಿಡಿದೆವು. ರೈಲ್ವೆ ಮ್ಯೂಸಿಯಂ ದಾಟಿ ಮೇಟಗಳ್ಳಿ. ಇಲ್ಲೇ ನೋಟು ಅಚ್ಚು ಹಾಕುವ ಕಾರ್ಖಾನೆ ಇದೆ, ಅದರ ಗೋಡೆ ಪಕ್ಕ ಹೋಗುವಾಗ ಪ್ರತಿ ಸಲವೂ ಒಂದು ಕಟ್ಟು ಆಚೆ ಬಿದ್ದರೆ ಅಂತ ಯೋಚನೆ ಬರುತ್ತದೆ, ಬಿದ್ದಿದ್ದು ಮಾತ್ರ ಇಲ್ಲ. ಅಲ್ಲಿವರೆಗೆ ಲಾರಿ, ಬಸ್ಸು, ಹೊಗೆ. ಬೆಳಗೊಳ ಬಂದ ಮೇಲೆ ಬಲಕ್ಕೆ ಪಾಲಹಳ್ಳಿ ಕಡೆ ತಿರುಗಿದ್ದೇ ತಡ, ಎಲ್ಲ ಬದಲಾಯಿತು. ಗಾಳಿಯ ವಾಸನೆಯೇ ಬೇರೆ. ಒಂದು ಕಡೆ ಭತ್ತ ಕೊಯ್ದ ಗದ್ದೆಯ ಕೂಳೆ, ಇನ್ನೊಂದು ಕಡೆ ಆಳೆತ್ತರದ ಕಬ್ಬು, ಮಧ್ಯೆ ನೀರಿನ ಮೇಲೆ ಎದ್ದ ಮಂಜು. ವಿರಿಜಾ ನಾಲೆ ಪಕ್ಕದ ಮಣ್ಣಿನ ದಾರಿಗೆ ಇಳಿದೆವು.

ನಾಲೆ ಏರಿ ಮೇಲೆ ಸೈಕಲ್ ಹೊಡೆಯುವುದು ಹೇಗಿರುತ್ತದೆ ಅಂತ ಹೇಳುತ್ತೇನೆ. ಪೆಡಲ್ ತುಳಿದದ್ದು ಕಾಲಿಗೆ ಗೊತ್ತಾಗಲ್ಲ. ಎಡಕ್ಕೆ ನೀರು ಸದ್ದಿಲ್ಲದೆ ನಿಮ್ಮ ಜೊತೆಗೇ ಬರುತ್ತಿರುತ್ತದೆ, ಸ್ವಲ್ಪ ನಿಧಾನವಾಗಿ, ಹಿಂದೆ ಬಿಟ್ಟಿರಲ್ಲ ಅನ್ನುವ ಹಾಗೆ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೆಂಗಸರು ತಲೆ ಎತ್ತಿ ಹೆಲ್ಮೆಟ್ ನೋಡಿ ನಗುತ್ತಾರೆ. ಮಿಂಚುಳ್ಳಿ ತಂತಿಯ ಮೇಲಿಂದ ಹಾರಿ ನೂರು ಅಡಿ ಮುಂದೆ ಕೂರುತ್ತದೆ, ನೀವು ಹತ್ತಿರ ಹೋದರೆ ಮತ್ತೆ ಹಾರಿ ಮತ್ತೆ ನೂರು ಅಡಿ ಮುಂದೆ. ಹೀಗೆ ಒಂದು ಕಿಲೋಮೀಟರ್ ಅದೇ ಹಕ್ಕಿ ನಮಗೆ ದಾರಿ ತೋರಿಸಿತು. ಈ ಹೊತ್ತಿಗೆ ಅಳಿಯನೂ ಫೋನು ಜೇಬಿಗೆ ಹಾಕಿದ್ದ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ನಾಲೆ ಏರಿಗೆ ತಡೆಗೋಡೆ ಇರುವುದು ಕಡಿಮೆ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಹೋದರು. ಅದು ಆ ಕಡೆಯ ದೊಡ್ಡ ನಾಲೆ. ಚಿಕ್ಕ ನಾಲೆಯಾದರೂ ಅಷ್ಟೇ, ಏರಿಯ ಅಂಚು ಒಳಗೆ ಕೊರೆದು ಮೇಲೆ ಹುಲ್ಲು ಮುಚ್ಚಿಕೊಂಡಿರುತ್ತದೆ. ಕತ್ತಲಾದ ಮೇಲೆ ಹೋಗಲೇಬೇಡಿ. ಹಗಲಲ್ಲೂ ನೀರಿನ ಕಡೆಗಲ್ಲ, ಗದ್ದೆ ಕಡೆಗೆ ಹೊಡೆಯಿರಿ. ಬಿದ್ದರೆ ಕೆಸರಿಗೆ ಬೀಳೋಣ.

ನಾನು ಕೆಸರಿಗೂ ಬೀಳಲಿಲ್ಲ, ಮುಳ್ಳಿನ ಮೇಲೆ ಹೋದೆ. ಹಿಂದಿನ ಚಕ್ರ ಟುಸ್ ಅಂದಿತು. ಇಳಿದು ನೋಡಿದರೆ ಜಾಲಿ ಮುಳ್ಳು, ಎರಡು ಇಂಚು ಉದ್ದ, ಟೈರಿನ ಮಧ್ಯಕ್ಕೇ ಸರಿಯಾಗಿ. ಚೀಲದಲ್ಲಿ ಬದಲಿ ಟ್ಯೂಬ್ ಇತ್ತು. ಹಾಕಿದೆ. ಹಾಕುವ ಮೊದಲು ಟೈರಿನ ಒಳಗೆ ಬೆರಳಾಡಿಸಿ ಇನ್ನೊಂದು ಮುಳ್ಳು ಉಳಿದಿದೆಯಾ ನೋಡಬೇಕು ಅನ್ನುವುದು ಮೂರನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ನಾನು ನೋಡಲಿಲ್ಲ. ಇನ್ನೂರು ಅಡಿ ಹೋಗಿದ್ದೆವು, ಮತ್ತೆ ಟುಸ್.

ಈಗ ತಳ್ಳುವವನು ಯಾರು ಅಂತ ಅಳಿಯ ಕೇಳಲಿಲ್ಲ. ಮುಖದಲ್ಲಿತ್ತು.

ಎರಡು ಕಿಲೋಮೀಟರ್ ತಳ್ಳಿಕೊಂಡು ಒಂದು ಹಳ್ಳಿ ತಲುಪಿದೆವು. ಹುಣಸೆಮರದ ಕೆಳಗೆ ಪಂಕ್ಚರ್ ಅಂಗಡಿ, ಟ್ರ್ಯಾಕ್ಟರ್ ಟೈರುಗಳ ಮಧ್ಯೆ ಒಬ್ಬ ಹುಡುಗ. ಟ್ಯೂಬ್ ಬಿಚ್ಚಿ, ಸ್ವಲ್ಪ ಗಾಳಿ ಹಾಕೋಣ ಅಂತ ಕಂಪ್ರೆಸರ್ ಪೈಪು ತಂದ. ಕೂರಲಿಲ್ಲ. ನನ್ನದು ಪ್ರೆಸ್ಟಾ ವಾಲ್ವು, ಪೆನ್ಸಿಲ್‌ನಷ್ಟು ತೆಳ್ಳಗೆ. ಕಾರಿಗೆ ಹಾಕುವ ಪೈಪಿಗೆ ಅದು ಎಲ್ಲಿ ಹೊಂದೀತು. ಹೊಂದಿಸುವ ಚಿಕ್ಕ ಹಿತ್ತಾಳೆ ಬಿರಡೆ ನನ್ನ ಹತ್ತಿರ ಇತ್ತು, ಆದರೆ ಅಕ್ಕನ ಮನೆಯ ಟಿವಿ ಮೇಜಿನ ಮೇಲೆ. ನನ್ನ ಕೈಪಂಪಿನ ರಬ್ಬರ್ ಮೊದಲ ಟ್ಯೂಬಿಗೇ ಸೋತು ಸೀಳಿಹೋಗಿತ್ತು. ಅಳಿಯನ ಪಂಪು ಅವನ ದಪ್ಪ ವಾಲ್ವಿಗೆ ಮಾತ್ರ. ಮುಗೀತು ಕತೆ, ಆಟೊ ಹಿಡಿದು ಮೈಸೂರಿಗೆ ವಾಪಸ್ ಅಂದುಕೊಂಡೆ.

ಹುಡುಗ ವಾಲ್ವನ್ನು ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ಒಳಗೆ ಹೋಗಿ ಮೂಲೆಯಿಂದ ಹಳೇ ಕಾಲದ ನಿಲ್ಲಿಸುವ ಪಂಪು ತಂದ, ನಮ್ಮ ಅಪ್ಪನ ಅಟ್ಲಾಸ್ ಸೈಕಲ್‌ಗೆ ಗಾಳಿ ಹೊಡೆಯುತ್ತಿದ್ದರಲ್ಲ, ಎರಡು ಕಾಲಲ್ಲಿ ಮೆಟ್ಟಿಕೊಂಡು ಹಿಡಿ ಎತ್ತಿ ಇಳಿಸುವುದು, ಅದು. ವಾಲ್ವಿನ ನೆತ್ತಿಯ ಸಣ್ಣ ನಟ್ಟನ್ನು ಎರಡು ಸುತ್ತು ಸಡಿಲ ಮಾಡಿದ. ಪೈಪಿನ ಬಾಯಿ ಒತ್ತಿ ಹಿಡಿದ. ಹಿಡಿದುಕೊಂಡಿತು! ಮಾಮೂಲಿ ಸೈಕಲ್ಲಿನ ವಾಲ್ವ್ ಬಾಯಿ ಮತ್ತು ಈ ಪ್ರೆಸ್ಟಾದ ಬಾಯಿ ಹೆಚ್ಚುಕಡಿಮೆ ಒಂದೇ ಅಳತೆ. ಹತ್ತು ವರ್ಷದಿಂದ ಸೈಕಲ್ ಇಟ್ಟುಕೊಂಡ ನನಗೆ ಇದು ಗೊತ್ತಿರಲಿಲ್ಲ.

ಟ್ಯೂಬನ್ನು ನಾಲೆ ನೀರಿಗೇ ಅದ್ದಿದ. ಗುಳುಗುಳು ಅಂತ ಒಂದೇ ಕಡೆ ಗುಳ್ಳೆ. ಬೆರಳಿಟ್ಟು, ಒರೆಸಿ, ಅಲ್ಲಿ ನೀಲಿ ಪೆನ್ನಿನಲ್ಲಿ ಒಂದು ಗುಣಾಕಾರ ಚಿಹ್ನೆ. ಉಪ್ಪುಕಾಗದದಲ್ಲಿ ಉಜ್ಜಿ, ಸಲ್ಯೂಷನ್ ಸವರಿ, ಊದಿ ಊದಿ ಒಣಗಿಸಿ, ಹಳೇ ಟ್ಯೂಬಿನಿಂದ ಕತ್ತರಿಸಿದ ತೇಪೆಯನ್ನು ಸುತ್ತಿಗೆ ಹಿಡಿಯಲ್ಲಿ ಒತ್ತಿದ. ಆಮೇಲೆ ಟೈರೊಳಗೆ ಬೆರಳಾಡಿಸಿ ಇನ್ನೊಂದು ಮುಳ್ಳು ತೆಗೆದು ನನ್ನ ಅಂಗೈ ಮೇಲೆ ಇಟ್ಟ. ಏನೂ ಹೇಳಲಿಲ್ಲ. ಮೂವತ್ತು ರೂಪಾಯಿ ತೆಗೆದುಕೊಂಡ.

ಅಂಗಡಿ ಪಕ್ಕದ ದಾರಿಯಲ್ಲೇ ಆಲೆಮನೆ. ವಾಸನೆ ನಮ್ಮನ್ನು ಎಳೆದುಕೊಂಡು ಹೋಯಿತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಕುದಿದು ಜೇನಿನ ಬಣ್ಣಕ್ಕೆ ಬಂದಿತ್ತು. ಒಬ್ಬರು ಉದ್ದ ಹಿಡಿಯ ಸೌಟಿನಲ್ಲಿ ನೊರೆ ತೆಗೆಯುತ್ತ, ಒಂದು ತೊಟ್ಟು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಮಾಡಿ ಪಾಕ ನೋಡುತ್ತಿದ್ದರು. ಒಲೆಗೆ ಕಬ್ಬಿನ ಸಿಪ್ಪೆಯೇ ಸೌದೆ. ಒಂದೊಂದು ಲೋಟ ಹಾಲು ಕೊಟ್ಟರು, ನಿಂಬೆ ಹಿಂಡಿ. ದುಡ್ಡು ಬೇಡ ಅಂದರು, ಹಾಗಾಗಿ ಎರಡು ಕೆ.ಜಿ. ಅಚ್ಚುಬೆಲ್ಲ ಕೊಂಡೆ. ಸೈಕಲ್ ಮೇಲೆ ಎರಡು ಕೆ.ಜಿ. ಹೊತ್ತುಕೊಂಡು ಹೋಗುವವನು ಜಾಣನಲ್ಲ ಅಂತ ಗೊತ್ತು.

ರಂಗನತಿಟ್ಟು ತಲುಪುವಾಗ ಹತ್ತೂವರೆ. ದೋಣಿಗೆ ಸಾಲು ಉದ್ದ ಇತ್ತು, ದಡದಲ್ಲೇ ಬಿದಿರ ಮೆಳೆ ಕೆಳಗೆ ಕೂತೆವು. ಹಾಗೆ ನೋಡಿದರೆ ದೋಣಿ ಬೇಕೇ ಇಲ್ಲ. ಜನವರಿಯಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಲು ಶುರು ಮಾಡಿರುತ್ತವೆ, ಬಾಯಲ್ಲಿ ಕಡ್ಡಿ ಹಿಡಿದು ಹೋಗುತ್ತ ಬರುತ್ತ ಇರುವುದು ದಡದಿಂದಲೇ ಕಾಣುತ್ತದೆ. ಚಮಚ ಕೊಕ್ಕಿನ ಹಕ್ಕಿ ಇತ್ತು. ಬಂಡೆ ಮೇಲೆ ಬಾಯಿ ತೆರೆದು ಮೊಸಳೆ ಮಲಗಿತ್ತು, ಅಳಿಯ ಮೊದಲು ಅದನ್ನು ಸಿಮೆಂಟಿನದು ಅಂದುಕೊಂಡಿದ್ದ. ಪಕ್ಷಿತಜ್ಞ ಸಲೀಂ ಅಲಿ ಹೇಳಿದ ಮೇಲೆ 1940ರಲ್ಲಿ ಇದನ್ನು ಪಕ್ಷಿಧಾಮ ಮಾಡಿದ್ದು. 2022ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು, ಕರ್ನಾಟಕದಿಂದ ಮೊದಲನೆಯದು.

ಆದರೆ ನನಗೆ ಇಷ್ಟವಾದ ವಿಷಯ ಇನ್ನೂ ಹಿಂದಿನದು. ಈ ನಡುಗಡ್ಡೆಗಳು ತಾವಾಗೇ ಆದವಲ್ಲ. ರಣಧೀರ ಕಂಠೀರವ ನರಸರಾಜ ಒಡೆಯರು 1645 ರಿಂದ 1648ರ ಹೊತ್ತಿಗೆ ಕಾವೇರಿಗೆ ಅಡ್ಡಲಾಗಿ ಒಡ್ಡು ಕಟ್ಟಿಸಿದಾಗ ನೀರು ನಿಂತು ತಿಟ್ಟುಗಳಾದವು. ಬಂಗಾರದೊಡ್ಡಿ ನಾಲೆಯೂ ಅದೇ ದೊರೆಯದು. ರಾಜ ಗದ್ದೆಗೆ ನೀರು ಹರಿಸಲು ಹೋದ, ಹಕ್ಕಿಗಳಿಗೆ ಊರಾಯಿತು, ನಮ್ಮಂಥವರಿಗೆ ಸೈಕಲ್ ದಾರಿಯಾಯಿತು.

ಆ ಬಂಗಾರದೊಡ್ಡಿ ನಾಲೆ ನೋಡಲೇಬೇಕು. ಕಲ್ಲಿನ ಮೇಲ್ಗಾಲುವೆ ಕಾವೇರಿಯ ಒಂದು ಕವಲನ್ನೇ ದಾಟಿ ಶ್ರೀರಂಗಪಟ್ಟಣದ ದ್ವೀಪಕ್ಕೆ ನೀರು ಒಯ್ಯುತ್ತದೆ. ಕೆಳಗೆ ಹೊಳೆ, ಹೊಳೆಯ ಮೇಲೆ ಅಡ್ಡಲಾಗಿ ಇನ್ನೊಂದು ನೀರು. ಅದೂ ಮುನ್ನೂರೈವತ್ತಕ್ಕೂ ಹೆಚ್ಚು ವರ್ಷದಿಂದ. ಇಷ್ಟು ಒಳ್ಳೆ ಜಾಗದಲ್ಲಿ ಒಂದು ಕಲ್ಲುಬೆಂಚಾದರೂ ಇರಬಾರದಾ? ಸೈಕಲ್ ಮಲಗಿಸಿ ನೆಲದಲ್ಲೇ ಕೂತು ಅಕ್ಕ ಕಟ್ಟಿಕೊಟ್ಟ ಚಿತ್ರಾನ್ನ ತಿಂದೆವು.

ಪಶ್ಚಿಮವಾಹಿನಿಯಲ್ಲಿ ಹೊಳೆ ಸ್ವಲ್ಪ ದೂರ ಪಶ್ಚಿಮಕ್ಕೆ ತಿರುಗುತ್ತದೆ, ಅದಕ್ಕೇ ಅಸ್ಥಿ ಬಿಡಲು ಜನ ಇಲ್ಲಿಗೆ ಬರುತ್ತಾರೆ. 1948ರಲ್ಲಿ ಗಾಂಧೀಜಿಯ ಚಿತಾಭಸ್ಮವನ್ನೂ ಇಲ್ಲಿ ಬಿಟ್ಟರು. ಜಾಗ ದೊಡ್ಡದು, ನೀರಂಚಿನಲ್ಲಿ ಬಿದ್ದಿದ್ದ ಪ್ಲಾಸ್ಟಿಕ್ ಕವರು, ಹಳೇ ಬಟ್ಟೆ ನೋಡಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ಮಧ್ಯಾಹ್ನದ ಮೇಲೆ ದ್ವೀಪವನ್ನು ಉದ್ದಕ್ಕೆ ತುಳಿದೆವು. ಕೋಟೆ, ರಂಗನಾಥ, ದರಿಯಾ ದೌಲತ್ ತೋಟ, ಗುಂಬಜ್, ಕೊನೆಗೆ ಸಂಗಮ. ದಾರಿ ಸಪಾಟು, ಎರಡೂ ಕಡೆ ಮರ, ಇಡೀ ದ್ವೀಪ ಒಂದು ಉದ್ದನೆಯ ಹೊಳೆಬದಿಯ ಪಾರ್ಕಿನ ಹಾಗೆ. ಇವುಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬಿಡುತ್ತೇನೆ. ಸಂಗಮದಲ್ಲಿ ರಜೆ ಜನ, ಹರಿಗೋಲು, ಬಜ್ಜಿ, ಮಾವಿನಕಾಯಿಗೆ ಉಪ್ಪು ಖಾರ. ಎರಡು ಕವಲಾಗಿ ಒಡೆದು ಊರನ್ನು ತಬ್ಬಿದ್ದ ಹೊಳೆ ಇಲ್ಲಿ ಮತ್ತೆ ಒಂದಾಗುತ್ತದೆ. ಕಾಲು ನೀರಲ್ಲಿಟ್ಟು ಕೂತರೆ ನಿನ್ನೆ ಬೆಟ್ಟದ ನೋವೆಲ್ಲ ಕೆಳಗಿಳಿದು ಹೋದ ಹಾಗಾಯಿತು.

ರಾತ್ರಿ ಲಾಡ್ಜು. ಹೆಸರು ಬೇಡ. ಸೈಕಲ್ ರೂಮಿಗೆ ಬಿಡಲ್ಲ ಅಂದರು, ಹೊರಗೆ ಬಿಟ್ಟರೆ ಜವಾಬ್ದಾರಿಯಿಲ್ಲ ಅಂತಲೂ ಅಂದರು. ಹಾಗಾದರೆ ಎಲ್ಲಿಡಲಿ ಸ್ವಾಮಿ? ಅರ್ಧ ಗಂಟೆ ಮಾತಾಡಿದ ಮೇಲೆ ಚಕ್ರ ಒರೆಸಿಕೊಂಡು ಹೋಗಿ ಅಂತ ಹಳೇ ಪಂಚೆ ಕೊಟ್ಟರು. ಒಂದೇ ರೂಮಿನಲ್ಲಿ ಇಬ್ಬರು ಮನುಷ್ಯರು, ಎರಡು ಸೈಕಲ್, ಲೆಕ್ಕವಿಲ್ಲದಷ್ಟು ಸೊಳ್ಳೆ.

ಭಾನುವಾರ

ಕರಿಘಟ್ಟದಲ್ಲಿ ಸೂರ್ಯ ಹುಟ್ಟುವುದು ನೋಡಬೇಕು ಅಂತ ಆರಕ್ಕೆ ಮುಂಚೆ ಹೊರಟೆವು. ಉತ್ತರದ ಕವಲು ದಾಟಿದರೆ ಬೆಟ್ಟ ಎದುರಿಗೇ ಕಾಣುತ್ತದೆ. ಚಾಮುಂಡಿಯ ಮುಂದೆ ಇದು ಮರಿ. ತಿರುವು ತಿರುವಾಗಿ ಟಾರು ದಾರಿ, ಸುತ್ತ ಹುಲ್ಲು, ಅಲ್ಲಲ್ಲಿ ನೆಟ್ಟು ಬೆಳೆಸಿದ ಗಿಡಗಳು. ಈ ಸಲ ನಾನು ಒಂದೇ ಕಡೆ ಇಳಿದೆ. ಅದೂ ಚೈನು ಕಳಚಿದ್ದಕ್ಕೆ, ನಂಬಿ.

ಮೇಲೆ ಶ್ರೀನಿವಾಸ ದೇವರ ಗುಡಿ ಇನ್ನೂ ತೆರೆದಿರಲಿಲ್ಲ. ಕಟ್ಟೆ ಮೇಲೆ ಕೂತು ಕೆಳಗೆ ನೋಡಿದರೆ ನಿನ್ನೆ ಇಡೀ ದಿನ ತುಳಿದದ್ದೆಲ್ಲ ನಕ್ಷೆಯ ಹಾಗೆ ಬಿದ್ದಿತ್ತು. ಲೋಕಪಾವನಿ ಸಣ್ಣಗೆ ಬಂದು ಬೆಟ್ಟದ ಬುಡದಲ್ಲಿ ಕಾವೇರಿಗೆ ಸೇರುವುದು ಕಂಡಿತು. ದೂರದಲ್ಲಿ ಮಂಜಿನ ಮೇಲೆ ಗೋಪುರ, ಮಸೀದಿಯ ಎರಡು ಮಿನಾರು. 1792ರಲ್ಲಿ ಬ್ರಿಟಿಷರ ಕಾರ್ನ್‌ವಾಲಿಸ್‌ನ ಸೈನ್ಯ ಟಿಪ್ಪುವಿನ ಪಟ್ಟಣಕ್ಕೆ ಮುತ್ತಿಗೆ ಹಾಕಿದಾಗ ಈ ಬೆಟ್ಟವನ್ನು ಮೊದಲು ಹಿಡಿದುಕೊಂಡಿತ್ತು. ಯಾಕೆ ಅಂತ ಇಲ್ಲಿ ಕೂತರೆ ಯಾರೂ ಹೇಳಿಕೊಡಬೇಕಿಲ್ಲ. ಅಳಿಯ ಅದೆಲ್ಲ ಬಿಟ್ಟು ನಾಲೆ ಎಲ್ಲಿ ಹೋಗುತ್ತದೆ ಅಂತ ಹುಡುಕುತ್ತಿದ್ದ. ಗುರುತು ಸುಲಭ ಅಂದೆ. ಹಸಿರು ಎಲ್ಲಿ ಶುರುವಾಗುತ್ತದೋ ಆ ಗೆರೆಯೇ ನಾಲೆ. ಗೆರೆಯ ಮೇಲುಗಡೆ ಕಂದು, ಕೆಳಗಡೆ ಹಸಿರು, ಸ್ಕೇಲಿಟ್ಟು ಎಳೆದ ಹಾಗೆ, ಆದರೆ ನೇರ ಅಲ್ಲ, ನೆಲದ ಏರಿಳಿತ ತಪ್ಪಿಸಿಕೊಂಡು ಹಾವಿನ ಹಾಗೆ. ಅವನು ತುಂಬ ಹೊತ್ತು ನೋಡಿದ. ಇದಕ್ಕಾ ನೀವು ಏರಿಲ್ಲ ಏರಿಲ್ಲ ಅಂತಿದ್ದಿದ್ದು ಅಂದ.

ಇಳಿದು ಬಂದು ವೆಲ್ಲೆಸ್ಲಿ ಸೇತುವೆ ನೋಡಿದೆವು. 1804ರದ್ದು, ದಿವಾನ್ ಪೂರ್ಣಯ್ಯ ಕಟ್ಟಿಸಿದ್ದು. ಕಮಾನಿಲ್ಲ, ಕಲ್ಲಿನ ಕಂಬ, ಅದರ ಮೇಲೆ ಕಲ್ಲಿನ ತೊಲೆ. ಪ್ರವಾಹ ಬಂದಾಗಲೆಲ್ಲ ಏಟು ತಿಂದು ನಿಂತಿದೆ. ಕಂಬದ ಸಂದಿಯಲ್ಲಿ ಅರಳಿ ಸಸಿ ಚಿಗುರಿದೆ, ಯಾರಾದರೂ ಕೀಳಬೇಕು.

ವಾಪಸ್ ಮತ್ತೆ ಪಾಲಹಳ್ಳಿ, ಅಲ್ಲಿಂದ ಬಲಮುರಿ. ಬಲಮುರಿಯಲ್ಲಿ ಒಡ್ಡಿನ ಮೇಲಿಂದ ನೀರು ತೆಳ್ಳಗೆ ಪರದೆಯ ಹಾಗೆ ಇಳಿಯುತ್ತದೆ. ನೋಡಲಿಕ್ಕೆ ಆಟದ ನೀರು, ಆದರೆ ಪಾಚಿ ಕಲ್ಲು, ಸುಳಿ, ಇಲ್ಲಿ ಮುಳುಗಿ ಹೋದವರು ಕಡಿಮೆಯಿಲ್ಲ. ಇಳಿಯಬೇಡಿ ಅಂತ ಬೋರ್ಡಿದೆ. ಬೋರ್ಡಿಗೇ ಒರಗಿ ಸೆಲ್ಫಿ ತೆಗೆಯುತ್ತಿದ್ದವರನ್ನು ದಾಟಿ ಅಗಸ್ತ್ಯೇಶ್ವರನ ಗುಡಿ ಕಡೆ ಹೋಗಿ ಎಳನೀರು ಕುಡಿದೆವು. ಕನ್ನಂಬಾಡಿ ಕಟ್ಟೆ ಅಷ್ಟು ಹತ್ತಿರವಿದ್ದೂ ಬೃಂದಾವನಕ್ಕೆ ಹೋಗಲಿಲ್ಲ. ರಜೆಯ ಭಾನುವಾರ ಅಲ್ಲಿ ಕಾರು ನಿಲ್ಲಿಸಲೇ ಜಾಗ ಇರಲ್ಲ, ಕಾರಂಜಿ ನೋಡಲು ಕತ್ತಲಾಗುವವರೆಗೆ ಕಾಯಬೇಕು, ಆಮೇಲೆ ಕತ್ತಲಲ್ಲಿ ಆ ರಸ್ತೆಯಲ್ಲಿ ಸೈಕಲ್ ಹೊಡೆಯುವುದು ಬೇಡವೇ ಬೇಡ.

ಹನ್ನೆರಡರ ಬಿಸಿಲು. ಮೇಟಗಳ್ಳಿ ಹತ್ತಿರ ಬರುವಾಗ ಇಬ್ಬರಿಗೂ ಮಾತಿರಲಿಲ್ಲ. ನೋಟಿನ ಕಾರ್ಖಾನೆ ಗೋಡೆ ಪಕ್ಕ ಅಳಿಯ ನೆಲ ನೋಡಿಕೊಂಡು ಹೊಡೆಯುತ್ತಿದ್ದ.

ಮನೆಗೆ ಬಂದು ಚೀಲ ಅಕ್ಕನ ಕೈಗೆ ಕೊಟ್ಟು, ಬೆಲ್ಲ ತಂದಿದ್ದೀನಿ ನೋಡು ಅಂದೆ. ಅಕ್ಕ ಒಳಗೆ ಕೈ ಹಾಕಿ ಎಳೆದಳು. ಬಿಸಿಲಿಗೆ ಅಚ್ಚುಗಳೆಲ್ಲ ಕರಗಿ ಒಂದಾಗಿ, ಮಧ್ಯೆ ಮುಳ್ಳು ಚುಚ್ಚಿಸಿಕೊಂಡ ನನ್ನ ಟ್ಯೂಬು ಹೂತುಕೊಂಡು, ಮೇಲೆ ಬಾಳೆಎಲೆ ಚೂರು. ಇದೇನೋ ಇದು ಅಂದಳು. ಟ್ಯೂಬು ಕಿತ್ತು ನಲ್ಲಿ ಕೆಳಗೆ ತೊಳೆದು ಬಟ್ಟೆ ತಂತಿ ಮೇಲೆ ನೇತುಹಾಕಿದಳು. ಸಂಜೆ ರೈಲಿಗೆ ಹೊರಡುವಾಗ ನೋಡಿದೆ, ತಂತಿಯ ಉದ್ದಕ್ಕೂ ಇರುವೆ ಸಾಲು, ನೆಟ್ಟಗೆ ಟ್ಯೂಬಿನ ಕಡೆಗೆ.